ಕೆಳಗಿನ ಎರಡು ಬೋಲ್ಟು

ಕಾರಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿದ್ದ ಗಂಗಾಧರಸ್ವಾಮಿಗೆ ಆ ಭಾನುವಾರ ಬೆಳಿಗ್ಗೆಯಿಂದ ಮನೆಯ ಜನರೆಲ್ಲ ಬರಿಯ ಪಾದಗಳಾಗಿ ಕಾಣುತ್ತಿದ್ದರು. ಅತ್ತಿಗೆ ಮಲ್ಲಾಜಮ್ಮನ ಬಿರುಕು ಬಿಟ್ಟ ಹಿಮ್ಮಡಿ ಅಡುಗೆಮನೆಗೂ ಹಿತ್ತಿಲಿಗೂ ಓಡಾಡುತ್ತಿತ್ತು. ಅವರ ಧಾನ್ಯದ ಮಂಡಿಯ ಆಳು ಮೂಗಯ್ಯನ ಕಾಲು, ಬೆರಳ ಸಂದಿಗೆಲ್ಲ ರಾಗಿಯ ಧೂಳು ಮೆತ್ತಿಕೊಂಡು, ಒಂದು ಸಲ ಬಂದು ನಿಂತು ಏನನ್ನೋ ನೋಡಿ ಹೋಗಿತ್ತು. ಹೀಗೆ ಕೆಳಗಿನಿಂದ ನೋಡುವುದರಲ್ಲಿ ಒಂದು ನೆಮ್ಮದಿ ಇತ್ತು. ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಯಾರಿಗೂ ಮುಖ ತೋರಿಸಬೇಕಾಗಿಯೂ ಇರಲಿಲ್ಲ. ಕಣ್ಣೆದುರಿಗೆ, ಕೈ ಎತ್ತಿದರೆ ತಾಗುವಷ್ಟು ಹತ್ತಿರದಲ್ಲಿ, ಹಿಂದಿನ ಎರಡು ಚಕ್ರಗಳ ನಡುವೆ ಅಚ್ಚಿನ ಮಧ್ಯೆ ಕುಂಬಳಕಾಯಿಯಂತೆ ಉಬ್ಬಿಕೊಂಡ ಕಬ್ಬಿಣದ ಗುಂಡು. ಊಟಿ ರಸ್ತೆಯ ಲಾರಿಯವರು ಅದನ್ನು ಡಿಪ್ರೆನ್ಸು ಅನ್ನುತ್ತಿದ್ದರು. ಎಂಜಿನ್ನಿನ ಓಟವನ್ನು ಎರಡು ಚಕ್ರಕ್ಕೂ ಹಂಚಿಕೊಡುವ ಹಲ್ಲುಚಕ್ರಗಳು ಅದರೊಳಗೆ ದಪ್ಪ ಎಣ್ಣೆಯಲ್ಲಿ ಮುಳುಗಿ ಕೂತಿರುತ್ತವೆ. ಹಿಂಬದಿಗೆ ಸುತ್ತಲೂ ಬೋಲ್ಟು ಹಾಕಿ ಬಿಗಿದ ಒಂದು ದುಂಡು ಮುಚ್ಚಳ. ಸೋರುತ್ತಿದ್ದದ್ದು ಆ ಮುಚ್ಚಳದ ಅಂಚಿನಿಂದ.

ಊಟಿಯ ಕಡೆ ಎಸ್ಟೇಟು ಇಟ್ಟುಕೊಂಡಿದ್ದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಮಾರಿದ ಈ ಕಾರನ್ನು ಅಣ್ಣ ಶಾಂತಮಲ್ಲಪ್ಪ ಕೊಂಡು ತಂದ ದಿನದಿಂದ ಅದು ನಿಂತಲ್ಲೆಲ್ಲ ನೆಲದ ಮೇಲೆ ಅಂಗೈಯಗಲದ ಕಪ್ಪು ಕಲೆ ಬಿಡುತ್ತಿತ್ತು. ತಂಗಿ ಮಲ್ಲಿಯ ಮದುವೆಯಲ್ಲಿ, ಚಾಮರಾಜನಗರದಿಂದಾಚೆಗಿನ ಬದನಗುಪ್ಪೆಯಲ್ಲಿ, ಬೀಗರ ಬಾಗಿಲಿನ ರಂಗೋಲಿಯ ಮೇಲೆಯೇ ಬಿಟ್ಟಿತ್ತು. 'ಗುಂಡ್ಲುಪೇಟೆ ಕಾರು ಬಾಗ್ಲಲ್ಲೇ ಉಚ್ಚೆ ಉಯ್ದದೆ ಕಣ್ರಪ್ಪ' ಎಂದು ಯಾರೋ ಕೂಗಿದಾಗ ಚಪ್ಪರಕ್ಕೆ ಚಪ್ಪರವೇ ನಕ್ಕಿತ್ತು. ಅಣ್ಣನೂ ನಕ್ಕ. ನಕ್ಕು ಮುಗಿದ ಮೇಲೆ ತಮ್ಮನ ಕಡೆ ತಿರುಗಿ ನೋಡಿದ ನೋಟ ಹೇಗಿತ್ತೆಂದರೆ, ಸೋರುತ್ತಿರುವುದು ಕಾರಲ್ಲ, ಇವನೇ, ಇವನ ಮೈಯೇ ಅನ್ನುವ ಹಾಗಿತ್ತು. ಮೈಸೂರಿಗೆ ಓದಲು ಹೋಗಿ ಇಂಟರ್‌ಮೀಡಿಯೆಟ್ ಮುಗಿಸದೆ ವಾಪಸು ಬಂದವನು. ಮಂಡಿಯಲ್ಲಿ ಗಾದಿಯ ಮೇಲೆ ಕೂರಿಸಿದರೆ ದರ ಹೇಳುವಾಗ ಧ್ವನಿ ನಡುಗುವವನು. ಕೈ ಒಂದು ಮಾತ್ರ ನಡುಗುತ್ತಿರಲಿಲ್ಲ, ಅದೂ ಈ ಕಾರಿನ ಕೆಳಗೆ ಮಾತ್ರ.

ಅವನು ಮುಚ್ಚಳ ಬಿಚ್ಚಿ, ಎಣ್ಣೆಯನ್ನು ಹಳೆಯ ಬಾಂಡಲಿಗೆ ಇಳಿಸಿ, ಅಂಚಿನಲ್ಲಿ ಗಟ್ಟಿಯಾಗಿ ಕೂತಿದ್ದ, ಸಂದಿ ಮುಚ್ಚುವ ಹಳೆಯ ಕಾಗದದ ಪ್ಯಾಕಿಂಗನ್ನು ಚಾಕುವಿನಿಂದ ಕೆರೆದು ತೆಗೆಯುತ್ತಿದ್ದ. ಒಂದೇ ಒಂದು ಚೂರು ಉಳಿದರೂ ಹೊಸದು ಸರಿಯಾಗಿ ಕೂರುವುದಿಲ್ಲ. ಯಾರೋ ಹಿಂದೆ ಸಿಟ್ಟಿನಿಂದ ಬಿಗಿದು ಬಿಗಿದು ಬೋಲ್ಟಿನ ತೂತುಗಳ ಸುತ್ತ ತಗಡು ಒಳಕ್ಕೆ ಬಾಗಿತ್ತು. ಅದನ್ನು ಒರಳುಕಲ್ಲಿನ ಪಕ್ಕದ ಚಪ್ಪಡಿಯ ಮೇಲಿಟ್ಟು ಮೆಲ್ಲಗೆ ಬಡಿದು ನೆಟ್ಟಗೆ ಮಾಡಿದ್ದ. ಹೊಸ ಚಪ್ಪಲಿ ಕಿರುಗುಟ್ಟಿತು. ಅಣ್ಣನ ಪಾದಗಳು ಹಿಂದಿನ ಚಕ್ರದ ಬಳಿ ಬಂದು ನಿಂತವು.

"ಆಯ್ತದೇನ್ಲಾ ಇವತ್ತಿಗೆ?"

"ಪ್ಯಾಕಿಂಗು ಕೂರಿಸ್ಬೇಕು. ಅರಗು ಒಣಗ್ಬೇಕು."

"ಬೆಳಿಗ್ಗೆ ಬಿಸಿಲೇರಾಕ್ ಮುಂಚೆ ಹೊರಡಾದು. ಸೋಮವಾರ ಕಳ್ಸಿಕೊಡ್ತೀನಿ ಅಂತ ಬೀಗರಿಗೆ ಮಾತು ಕೊಟ್ಬುಟ್ಟಿವ್ನಿ. ಈ ಸಲಾನೂ ಅವರ ಬಾಗ್ಲಲ್ಲಿ ಸೋರ್ಸಿ ನನ್ ಮಾನ ಕಳೀಬ್ಯಾಡ."

"ಅಣ್ಣ..."

"ಏನ್ಲಾ?"

ಹೇಳಬೇಕಾದದ್ದು ಒಂದೇ ಮಾತು. ಮಲ್ಲಿಯನ್ನು ಗಂಡನ ಮನೆಗೆ ಕಳಿಸುವುದು ಬೇಡ. ಇಷ್ಟೇ. ರಾತ್ರಿಯೆಲ್ಲ ಅದನ್ನು ಒಳಗೊಳಗೇ ಹೇಳಿಕೊಂಡು, ಜೋರಾಗಿ ಹೇಳಿದರೆ ಹೇಗಿರುತ್ತದೆ, ಮೆಲ್ಲಗೆ ಹೇಳಿದರೆ ಹೇಗಿರುತ್ತದೆ ಎಂದೆಲ್ಲ ಯೋಚಿಸಿಟ್ಟಿದ್ದ. ಆದರೆ ಚಪ್ಪಲಿಯ ಮುಂತುದಿ ಅಸಹನೆಯಿಂದ ನೆಲ ಬಡಿಯುತ್ತಿತ್ತು. ಈ ಪಾದಗಳ ಮೇಲೆ ಎಲ್ಲೋ ಒಂದು ಮುಖವಿದೆ, ಹಣೆಯ ತುಂಬ ವಿಭೂತಿ ಧರಿಸಿದ, ಈಗಾಗಲೇ ಉತ್ತರ ಸಿದ್ಧವಾಗಿಟ್ಟುಕೊಂಡ ಮುಖ ಎಂಬುದು ನೆನಪಾಗಿ ನಾಲಗೆ ತಾನಾಗಿ ಬೇರೆ ಕಡೆಗೆ ಹೊರಳಿತು.

"ಅರಗು ಸಾಲ್ದೇನೋ."

"ಅಷ್ಟೇ ತಾನೆ. ಮೂಗಯ್ಯನ್ ಕೈಲಿ ತರುಸ್ತೀನಿ ಬುಡು."

ಪಾದಗಳು ಹೋದವು. ಗಂಗಾಧರಸ್ವಾಮಿ ಕೆರೆಯುವುದನ್ನು ಮುಂದುವರಿಸಿದ. ಗಂಧಕದ ವಾಸನೆಯ ಎಣ್ಣೆ ಮೊಣಕೈಗೆ ಇಳಿಯುತ್ತಿತ್ತು. ಇದೇ ವಾಸನೆ ಅಂದೂ ಇತ್ತು, ಗೌರಿಹಬ್ಬಕ್ಕೆ ತಂಗಿಗೆ ಬಾಗಿನ ಕೊಟ್ಟುಬರಲು ಒಬ್ಬನೇ ಕಾರು ಓಡಿಸಿಕೊಂಡು ಬದನಗುಪ್ಪೆಗೆ ಹೋದಾಗ. ಎಷ್ಟು ತೊಳೆದರೂ ಕೈಯಿಂದ ಹೋಗದೆ, ಭಾವ ಪುಟ್ಟಮಲ್ಲಪ್ಪ ಕೊಟ್ಟ ಕಾಫಿಯ ಲೋಟಕ್ಕೂ ಹತ್ತಿಕೊಂಡಿತ್ತು. ಆ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಜಗಲಿಯ ಪಕ್ಕದಲ್ಲೇ ಹುಳದ ಕೋಣೆ. ಅದರ ಬಾಗಿಲಿಗೆ ಹೊರಗಿನಿಂದ ಬೀಗ. ಒಳಗೆ ಮಳೆ ಹುಯ್ಯುತ್ತಿರುವಂಥ ಸದ್ದು, ಸಾವಿರಾರು ಹುಳ ಒಟ್ಟಿಗೆ ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು. 'ಮಲ್ಲಿ ಎಲ್ಲಿ ಭಾವ?' ಎಂದು ಕೇಳಿದ್ದಕ್ಕೆ, 'ಒಳಗವಳೆ, ಬತ್ತಳೆ, ಕಾಪಿ ಕುಡೀರಿ' ಎಂದಿದ್ದ ಪುಟ್ಟಮಲ್ಲಪ್ಪ. ಆಗ ಆ ಬೀಗ ಹಾಕಿದ ಬಾಗಿಲಿನ ಒಳಗಿನಿಂದ, ಮಳೆಯ ಸದ್ದಿನ ನಡುವೆ, ಬಳೆಯ ಸದ್ದು ಕೇಳಿಸಿತು. ಒಂದೇ ಸಲ. ಪುಟ್ಟಮಲ್ಲಪ್ಪನಿಗೂ ಕೇಳಿಸಿತ್ತು. ಇವನಿಗೆ ಕೇಳಿಸಿದ್ದು ಅವನಿಗೆ ಗೊತ್ತಾಗಿತ್ತು. ಇಬ್ಬರೂ ಒಂದು ಕ್ಷಣ ಒಬ್ಬರ ಲೋಟವನ್ನೊಬ್ಬರು ನೋಡುತ್ತ ಕೂತರು. 'ಹುಳಕ್ಕೆ ಗಾಳಿ ತಾಕ್ಬಾರ್ದು ನೋಡಿ' ಎಂದ ಪುಟ್ಟಮಲ್ಲಪ್ಪ, ತುಂಬ ನಯವಾಗಿ. ಗಂಗಾಧರಸ್ವಾಮಿ ತಲೆಯಾಡಿಸಿದ. 'ಇನ್ನೊಸಿ ಕಾಪಿ?' ಎಂದದ್ದಕ್ಕೆ ಹೂಂ ಅಂದ. ಆ ಹೂಂ ಅಂದದ್ದು ಯಾಕೆಂದು ಇವತ್ತಿಗೂ ಅವನಿಗೆ ಗೊತ್ತಿಲ್ಲ. ಹೊತ್ತಾದ ಮೇಲೆ ಮಲ್ಲಿ ಹಿತ್ತಿಲ ಕಡೆಯಿಂದ ಬಂದಳು, ಮುಖ ತೊಳೆದುಕೊಂಡು, ಸೊಪ್ಪಿನ ವಾಸನೆ ಬೀರುತ್ತ, ನಗುತ್ತ ಬಾಗಿನ ತೆಗೆದುಕೊಂಡಳು.

ಅದಾದ ಮೇಲೆ ಒಂದು ದಿನ ಅವಳೇ ಬಸ್ಸು ಹತ್ತಿ ಒಬ್ಬಳೇ ಗುಂಡ್ಲುಪೇಟೆಗೆ ಬಂದಿಳಿದಳು. ಯಾಕೆ ಬಂದೆ ಎಂದು ಎಲ್ಲರೂ ಕೇಳಿದರು. ಅತ್ತೆ ಮಾತಿಗೆ ಎದುರಾಡಿದರೆ, ಸಾರಿಗೆ ಉಪ್ಪು ಹೆಚ್ಚಾದರೆ, ಹುಳದ ಮನೆಗೆ ಕೂಡಿ ಬೀಗ ಹಾಕುತ್ತಾರೆ ಎಂದಳು. 'ಒಡದ್ರಾ?' ಎಂದು ಅಣ್ಣ ಕೇಳಿದ. ಹೊಡೆದಿರಲಿಲ್ಲ. 'ಊಟಕ್ಕೆ ಇಕ್ಕಲ್ವಾ?' ಇಕ್ಕುತ್ತಿದ್ದರು. ಅಲ್ಲಿಗೆ ಅಣ್ಣನ ಪ್ರಶ್ನೆಗಳು ಮುಗಿದವು. ಮಳೆಗಾಲದಲ್ಲಿ, ನಡುಮಧ್ಯಾಹ್ನ ಹೆಂಚಿನ ಮೇಲೆ ನಿಜವಾದ ಮಳೆ ಸುರಿದಾಗ, ಮಲ್ಲಿ ನಡುಮನೆಯ ಕಂಬಕ್ಕೆ ಒರಗಿ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದನ್ನು ಕಂಡವನು ಗಂಗಾಧರಸ್ವಾಮಿ ಒಬ್ಬನೇ. ಕಂಡವನು ಹೊಸ್ತಿಲಲ್ಲೇ ನಿಂತು, ಕಾಣದವನ ಹಾಗೆ ವಾಪಸು ಹೋಗಿದ್ದ.

ಪ್ಯಾಕಿಂಗಿಗೆ ಒಳ್ಳೆಯ ದಪ್ಪ ಕಾಗದ ಸಿಕ್ಕಿತ್ತು. ಅದನ್ನು ಮುಚ್ಚಳದ ಮೇಲೆ ಹರಡಿ ಸುತ್ತಿಗೆಯ ದುಂಡು ತಲೆಯಿಂದ ಅಂಚಿನುದ್ದಕ್ಕೂ ತಟ್ಟುತ್ತ ಹೋದರೆ ಕಾಗದ ತಾನಾಗಿ ಕತ್ತರಿಸಿಕೊಳ್ಳುತ್ತದೆ. ಕೇರಳಕ್ಕೆ ಈರುಳ್ಳಿ ಸಾಗಿಸುವ ಲಾರಿಗಳ ಪಕ್ಕದಲ್ಲಿ ನಿಂತು ನೋಡಿ ನೋಡಿ ಕಲಿತದ್ದು. ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ಎರಡೂ ಬದಿಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟುವಷ್ಟು ಒಣಗಲು ಬಿಟ್ಟು, ಮತ್ತೆ ಕಾರಿನ ಕೆಳಗೆ ಸರಿದು ಮುಚ್ಚಳವನ್ನು ಕೂರಿಸುತ್ತಿದ್ದಾಗ ಎರಡು ಪಾದಗಳು ಬಂದು ನಿಂತವು. ಬೆರಳುಗಳಲ್ಲಿ ಕಾಲುಂಗುರ. ತವರಿಗೆ ಬಂದ ದಿನ ತೆಗೆದು ದೇವರಗೂಡಿನಲ್ಲಿ ಇಟ್ಟುಬಿಟ್ಟಿದ್ದವಳಿಗೆ ಅತ್ತಿಗೆ ಇವತ್ತು ಮತ್ತೆ ಹಾಕಿಸಿದ್ದಳು. ಬಿಗಿಯಾಗಿತ್ತೇನೋ, ಬೆರಳು ಸ್ವಲ್ಪ ಊದಿಕೊಂಡಿತ್ತು.

"ಗಂಗಣ್ಣ, ಕಾಪಿ."

"ಅಲ್ಲೇ ಮಡುಗು."

ಅವಳು ಇಟ್ಟಳು. ಹೋಗಲಿಲ್ಲ. ಮಂಡಿಯೂರಿ ಕೂತಳು. ಈಗ ಸೀರೆಯ ಅಂಚು ಕಂಡಿತು, ಮಡಿಲಲ್ಲಿ ಕೂಡಿಸಿಕೊಂಡ ಕೈಗಳು ಕಂಡವು. ಮುಖ ಇನ್ನೂ ಮೇಲೆಯೇ ಇತ್ತು.

"ಈ ಕಾಗ್ದ ತಡೀತದಾ ಅಷ್ಟು ಎಣ್ಣೆಯ?"

"ಕಾಗ್ದ ಅಲ್ಲ ತಡಿಯಾದು. ಎರಡು ಕಬ್ಬಿಣ ಸಂದಿಲ್ದಂಗೆ ಕೂತ್ಕತವಲ್ಲ, ಅದು ತಡೀತದೆ. ಸುತ್ತಲೂ ಸಮನಾಗಿ ಬಿಗೀಬೇಕು. ಒಂದು ಬೋಲ್ಟು ಸಡಿಲ ಇದ್ರೂ ಅಲ್ಲಿಂದ ಸುರು ಆಯ್ತದೆ."

"ಸೋರುದ್ರೆ ಏನಾಯ್ತದೆ?"

"ಎಣ್ಣೆ ಕಮ್ಮಿಯಾದ್ರೆ ಒಳಗೆ ಚಕ್ರದ ಅಲ್ಲು ಸವೀತವೆ. ಕೂಗ್ತದೆ. ಆಮೇಲೆ ಓಡ್ಸಕಾಗಲ್ಲ, ನಿಲ್ಲುಸ್ಬೇಕು."

"ಎಷ್ಟು ದೂರ ಓದ್ರೆ?"

ಸ್ಪ್ಯಾನರು ಹಿಡಿದ ಅವನ ಕೈ ನಿಂತಿತು. ಹಿತ್ತಿಲಲ್ಲಿ ಅತ್ತಿಗೆ ಯಾರನ್ನೋ ಗದರಿಸುತ್ತಿದ್ದಳು.

"ಮಲ್ಲಿ..."

"ಸುಮ್ಕೆ ಕೇಳ್ದೆ ಕಣಣ್ಣ."

"ತೆರಕಣಾಂಬಿ ದಾಟುದ್ಮೇಲೆ ಏನೋ," ಎಂದ. ಹೇಳಿದವನು ತಾನೇ ಎಂದು ಅವನಿಗೆ ನಂಬಿಕೆ ಬರಲಿಲ್ಲ.

"ಅಲ್ಲಿಂದ ನಮ್ಮನೆ ಅತ್ರಾನಾ, ಅವರೂರು ಅತ್ರಾನಾ?"

"ನಮ್ಮನೇನೇ ಅತ್ರ."

"ಹೂಂ." ಲೋಟವನ್ನು ಅವನ ಕೈಗೆಟುಕುವಂತೆ ಸರಿಸಿ, "ಕಾಪಿ ಆರೋಯ್ತದೆ, ಕುಡಿ" ಎಂದು ಎದ್ದಳು. ಪಾದಗಳು ಮನೆಯೊಳಕ್ಕೆ ಹೋದವು.

ಅವಳು ಏನನ್ನೂ ಬೇಡಿರಲಿಲ್ಲ. ಬೇಡಿದ್ದರೆ ಇಲ್ಲ ಅನ್ನಬಹುದಿತ್ತು, ಅಥವಾ ಹೂಂ ಅಂದು ಅದರ ಭಾರವನ್ನು ಅವಳ ಮೇಲೂ ಸ್ವಲ್ಪ ಹೊರಿಸಬಹುದಿತ್ತು. ಗಂಗಾಧರಸ್ವಾಮಿ ಮೇಲಿನ ಬೋಲ್ಟೊಂದನ್ನು ಬಿಗಿದ. ಅದರ ಎದುರಿನದಕ್ಕೆ ಹೋದ. ಎಡಕ್ಕೊಂದು, ಬಲಕ್ಕೊಂದು. ಹೀಗೆ ಎದುರುಬದುರಾಗಿ ಬಿಗಿಯುತ್ತ ಬಂದರೆ ಮುಚ್ಚಳ ಎಲ್ಲೂ ಸೊಟ್ಟಗಾಗದೆ ಅಂಟಿ ಕೂರುತ್ತದೆ. ಅರಗು ಅಂಚಿನಿಂದ ಕೂದಲೆಳೆಯಷ್ಟು ತೆಳ್ಳಗೆ ಹೊರಗೆ ಉಕ್ಕಿ ಬಂತು. ಎಲ್ಲ ಕಡೆಯೂ ಒಂದೇ ಸಮನಾಗಿ. ಎಷ್ಟು ಚೆನ್ನಾಗಿ ಕೂತಿದೆ ಎಂದು ಕಂಡು, ಅಂಥ ಹೊತ್ತಿನಲ್ಲೂ, ಎದೆ ಒಂದಿಷ್ಟು ಹಿಗ್ಗಿತು. ಆ ಹಿಗ್ಗಿಗೆ ನಾಚಿಕೆಯಾಯಿತು. ಕೆಳಗಿನ ಎರಡು ಉಳಿದಿದ್ದವು. ಅವನ್ನು ಬೆರಳಿನಿಂದ ತಿರುಗಿಸಿ ಕೂರಿಸಿದ. ಸ್ಪ್ಯಾನರು ಹಿಡಿದು ಒಂದು ಚೂರು ತಿರುಗಿಸಿದ. ನಿಲ್ಲಿಸಿದ. ಪೂರ್ತಿ ಸಡಿಲವಾಗಿಯೂ ಬಿಡಲಿಲ್ಲ, ಪೂರ್ತಿ ಬಿಗಿಯಲೂ ಇಲ್ಲ. ಇದು ಧೈರ್ಯವೋ ಹೇಡಿತನವೋ ಎಂದು ಕೇಳಿಕೊಂಡ. ಬಾಯಿಂದ ಆಡಲಾರದ್ದನ್ನು ಬೋಲ್ಟಿನಿಂದ ಆಡಿಸುವವನು ಎಂಥ ಗಂಡಸು? ಸೋರಿದರೆ ಸೋರಲಿ, ಸೋರದಿದ್ದರೆ ಸೋರದಿರಲಿ, ನನ್ನದೇನಿದೆ ಎಂದುಕೊಂಡು ಹೊರಗೆ ಸರಿದು, ಆರಿಹೋದ ಕಾಫಿಯನ್ನು ಎತ್ತಿ ಕುಡಿದ.

ಸಂಜೆ ಹೊಸ ಎಣ್ಣೆ ತುಂಬಿಸಿದ ಮೇಲೆ ಶಾಂತಮಲ್ಲಪ್ಪ ಬಂದು ಮುಚ್ಚಳದ ಕೆಳಗೆ ಬೆರಳಾಡಿಸಿ, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಒಣಗಿತ್ತು.

ಸೋಮವಾರ ಬೆಳಿಗ್ಗೆ ಮಲ್ಲಾಜಮ್ಮ ನಾದಿನಿಗೆ ಮಡಿಲಕ್ಕಿ ತುಂಬಿದಳು. ಅಕ್ಕಿ, ಕೊಬ್ಬರಿ, ಬೆಲ್ಲ, ವೀಳ್ಯದೆಲೆ. "ಒಸಿ ದಿನ ಅನುಸರ್ಸ್ಕಂಡು ಓಗವ್ವ, ಒಂದು ಮಗ ಆದ್ರೆ ಎಲ್ಲ ಸರಿಯಾಯ್ತದೆ" ಎಂದು ಹೇಳುತ್ತ ಕಣ್ಣೊರೆಸಿಕೊಂಡಳು. ಬಾಂಡಲಿಯಲ್ಲಿದ್ದ ಹಳೆಯ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ಡಬ್ಬಿಗೆ ತುಂಬಿ ಡಿಕ್ಕಿಯಲ್ಲಿ ಇಟ್ಟಿದ್ದ ಗಂಗಾಧರಸ್ವಾಮಿ, ದೂರದ ದಾರಿಗೆ ಯಾವ ಡ್ರೈವರಾದರೂ ಇಷ್ಟು ಮಾಡುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡ. ಅಣ್ಣ ಮುಂದೆ ಕೂತ. ಮಲ್ಲಿ ಹಿಂದೆ, ಗಂಟುಗಳ ನಡುವೆ. ಕನ್ನಡಿಯಲ್ಲಿ ಅವಳ ಹಣೆ, ಅರ್ಧ ಕಣ್ಣು ಕಾಣುತ್ತಿತ್ತು. ಅವನು ಕನ್ನಡಿಯನ್ನು ಸರಿಪಡಿಸಿದಂತೆ ಮಾಡಿ ಬೇರೆ ಕಡೆಗೆ ತಿರುಗಿಸಿದ.

ಊರು ದಾಟಿತು. ಹಿಂದೆ ಗೋಪಾಲಸ್ವಾಮಿ ಬೆಟ್ಟ ಮಂಜಿನಲ್ಲಿ ಅರ್ಧ ಮುಳುಗಿತ್ತು. ಹುರುಳಿ ಹೊಲಗಳು, ಹುಣಸೆ ಸಾಲು, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸರು. ಕಾರು ಚೆನ್ನಾಗಿ ಓಡುತ್ತಿತ್ತು. ಅಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಿನ ರಸ್ತೆಯನ್ನು ನೋಡಿ, ತಲೆ ಒಳಕ್ಕೆ ತೆಗೆದುಕೊಂಡು, "ಪರವಾಗಿಲ್ಲ ಕಣ್ಲಾ. ಕೆಲಸ ಕಲ್ತಿದ್ದೀಯ" ಎಂದ. ಅಷ್ಟು ವರ್ಷಗಳಲ್ಲಿ ಅಣ್ಣನ ಬಾಯಿಂದ ಇಂಥ ಮಾತು ಬಂದದ್ದು ಅವನಿಗೆ ನೆನಪಿರಲಿಲ್ಲ. ಆ ಮಾತು ಮೈಗೆ ಬಿಸಿನೀರು ಹುಯ್ದ ಹಾಗೆ ಇಳಿಯಿತು. ಈಗಲೇ ನಿಲ್ಲಿಸಿ, ಏನೋ ನೆಪ ಹೇಳಿ, ಕೆಳಗೆ ಹೋಗಿ ಆ ಎರಡನ್ನೂ ಬಿಗಿದುಬಿಡಲೇ ಎನ್ನಿಸಿತು. ಎಷ್ಟು ಹೊತ್ತಿನ ಕೆಲಸ? ಕಾಲು ಬ್ರೇಕಿನ ಮೇಲಕ್ಕೆ ಹೋಯಿತು ಕೂಡ. ಒಂದು ಹೊಗಳಿಕೆಗೆ ತಂಗಿಯನ್ನು ಮಾರುವಷ್ಟು ಅಗ್ಗವಾದೆನೇ ಎಂದು ಕಾಲನ್ನು ವಾಪಸು ತೆಗೆದ. ತೆಗೆದದ್ದೂ ತಂಗಿಗಾಗಿಯೋ, ನಿಲ್ಲಿಸಲು ಹೇಳಬೇಕಾದ ಸುಳ್ಳಿಗೆ ಹೆದರಿಯೋ ತಿಳಿಯಲಿಲ್ಲ.

ತೆರಕಣಾಂಬಿ ದಾಟಿ ಸ್ವಲ್ಪ ದೂರಕ್ಕೆ ಅದು ಶುರುವಾಯಿತು. ಮೊದಲು ದೂರದಲ್ಲೆಲ್ಲೋ ನೊಣ ಗುಂಯ್‌ಗುಟ್ಟುವ ಹಾಗೆ, ಆಮೇಲೆ ಹಿಂದಿನ ಸೀಟಿನ ಅಡಿಯಿಂದಲೇ ಯಾರೋ ಹಲ್ಲು ಕಚ್ಚಿ ನರಳುವ ಹಾಗೆ. ಎಣ್ಣೆ ಬಿಸಿಯಾಗಿ ತೆಳ್ಳಗಾಗಿ, ದಾರಿ ಮಾಡಿಕೊಂಡಿತ್ತು. ಹಿಂದಿನಿಂದ ಹಾರನ್ನು ಬಾರಿಸುತ್ತ ಬಂದ ಚಾಮರಾಜನಗರದ ಬಸ್ಸು ಕಾರಿನ ಪಕ್ಕಕ್ಕೆ ಬಂದು ನಿಧಾನವಾಯಿತು. ಡ್ರೈವರು ತಲೆ ಹೊರಗೆ ಹಾಕಿ ಕೂಗಿದ:

"ಏನ್ ಸ್ವಾಮಿ, ತೆರಕಣಾಂಬಿಯಿಂದ ರಸ್ತೆಗೆಲ್ಲ ಎಣ್ಣೆ ಚೆಲ್ಕಂಡ್ ಬತ್ತಾ ಇದ್ದೀರಲ್ಲ! ನಿಲ್ಸಿ, ನಿಲ್ಸಿ!"

ಗಂಗಾಧರಸ್ವಾಮಿ ನಿಲ್ಲಿಸಿದ. ಬಸ್ಸೂ ಮುಂದೆ ಹೋಗಿ ನಿಂತಿತು. ಜನ ಕಿಟಕಿಗಳಲ್ಲಿ ಇಣುಕಿದರು. ಕಾರಿನ ಹಿಂಭಾಗವೆಲ್ಲ ಎಣ್ಣೆ ಸಿಡಿದು ಕಪ್ಪಾಗಿತ್ತು. ಶಾಂತಮಲ್ಲಪ್ಪ ಇಳಿದು ನೋಡಿದ. ಬಸ್ಸಿನ ಜನರೆದುರು ಜೋರಾಗಿ ಬೈಯಲೂ ಆಗದೆ, ಹಲ್ಲು ಕಚ್ಚಿಕೊಂಡು, "ಕೆಲಸ ಕಲ್ತಿದ್ದೀಯ ಅಂದ್ನಲ್ಲ, ನನ್ ಬಾಯಿಗೆ ಮಣ್ಣಾಕ" ಎಂದ.

"ವಾಪಸ್ ಓಗನ ಅಣ್ಣ," ಎಂದ ಗಂಗಾಧರಸ್ವಾಮಿ. ಧ್ವನಿ ನಡುಗುತ್ತಿತ್ತು. "ಮೆಲ್ಲಗೆ ತೆರಕಣಾಂಬಿಗೆ ಓಗಿ, ಅಲ್ಲಿಂದ ಊರಿಗೆ... ಇನ್ನೊಂದ್ ದಿನ ನೋಡನ."

"ಇನ್ನೊಂದ್ ದಿನ ಯಾವತ್ಲಾ? ನಾಳೆ ಮಂಗಳವಾರ. ಮಂಗಳವಾರ ಹೆಣ್ಮಗಳ ಕಳ್ಸಾದುಂಟಾ? ಅಲ್ಲಿ ಅವರು ಅಡುಗೆ ಮಾಡ್ಸಿ ಕಾಯ್ತಾವ್ರೆ." ಆಮೇಲೆ ಬಸ್ಸಿನ ಕಡೆ ತಿರುಗಿದ. ಆ ತಿರುಗುವಿಕೆಯಲ್ಲೇ ಗಂಗಾಧರಸ್ವಾಮಿಗೆ ಎಲ್ಲ ತಿಳಿಯಿತು. ಬಸ್ಸು ಎಂಬುದೊಂದು ಇದೆ, ಅದು ದಿನವೂ ಇದೇ ರಸ್ತೆಯಲ್ಲಿ ಓಡಾಡುತ್ತದೆ, ಮಲ್ಲಿ ಬಂದದ್ದೂ ಅದರಲ್ಲೇ ಎಂಬುದು ರಾತ್ರಿಯಿಡೀ ಅವನ ತಲೆಗೆ ಹೊಳೆದಿರಲಿಲ್ಲ. ಮಲ್ಲಿಗೂ ಹೊಳೆದಿರಲಿಲ್ಲವೇ? ಹಿಂದಿನ ಸೀಟಿನಲ್ಲಿ ಕೂತ ಅವಳ ಮುಖವನ್ನು ಆಗ ನೋಡಿದ. ಕಾರು ನಿಂತ ಗಳಿಗೆಯಲ್ಲಿ ತೆರೆದುಕೊಂಡ ಮುಖ ಅದು, ಇನ್ನೂ ಮುಚ್ಚಿಕೊಂಡಿರಲಿಲ್ಲ.

"ಎರಡು ಜನಕ್ಕೆ ಜಾಗ ಅದಾ?" ಶಾಂತಮಲ್ಲಪ್ಪ ಕೇಳಿದ.

"ನಿಂತ್ಕಂಡ್ ಬರಾದಾದ್ರೆ ಬನ್ನಿ," ಎಂದ ಕಂಡಕ್ಟರು.

"ಅಣ್ಣ, ಮನೆಗೇ ಓಗನ," ಎಂದಳು ಮಲ್ಲಿ. ಬಸ್ಸಿನ ಎಂಜಿನ್ನು ಗುರುಗುಡುತ್ತಿತ್ತು. ಅಣ್ಣನಿಗೆ ಕೇಳಿಸಿತೋ ಇಲ್ಲವೋ, ಅವನು ಗಂಟುಗಳನ್ನು ಎತ್ತಿ ತಮ್ಮನ ಕೈಗೆ ಕೊಡುತ್ತಿದ್ದ. ಗಂಗಾಧರಸ್ವಾಮಿಗೆ ಕೇಳಿಸಿತ್ತು. ಅವನು ಗಂಟು ಹೊತ್ತು ಬಸ್ಸಿನ ಕಡೆಗೆ ನಡೆದ.

ಮಡಿಲಲ್ಲಿ ಅಕ್ಕಿ ಕಟ್ಟಿಕೊಂಡಿದ್ದ ಮಲ್ಲಿಗೆ ಬಸ್ಸಿನ ಎತ್ತರದ ಮೆಟ್ಟಿಲು ಹತ್ತಲಾಗಲಿಲ್ಲ. ಗಂಗಾಧರಸ್ವಾಮಿ ಅವಳ ಮಣಿಕಟ್ಟು ಹಿಡಿದು ಹತ್ತಿಸಿದ. ಹತ್ತಿ ನಿಂತವಳು ತಿರುಗಿ, "ನೀನು ಬರಲ್ವಾ ಗಂಗಣ್ಣ?" ಎಂದಳು. ಅವನು ಅಣ್ಣನ ಮುಖ ನೋಡಿದ.

"ಗಾಡಿ ದಾರೀಲಿ ಬುಟ್ಟು ಅವನೆಲ್ಲಿಗೆ ಬತ್ತನೆ? ಒಳಗೆ ನಡಿಯಮ್ಮಿ," ಎಂದು ಶಾಂತಮಲ್ಲಪ್ಪ ಅವಳ ಹಿಂದೆಯೇ ಹತ್ತಿದ.

ಬಸ್ಸು ಹೊರಟಿತು. ಧೂಳು ಅಡಗಿತು. ಮೆಟ್ಟಿಲಿದ್ದ ಜಾಗದಲ್ಲಿ ಒಂದಿಷ್ಟು ಅಕ್ಕಿಕಾಳು ಚೆಲ್ಲಿತ್ತು. ಕಾರು ಸರಿಯಾಗಿದ್ದಿದ್ದರೆ ಕೊನೇಪಕ್ಷ ಬದನಗುಪ್ಪೆಯವರೆಗೆ ಅವಳ ಜೊತೆಗಿರುತ್ತಿದ್ದೆ. ಸೀಟಿನ ಮೇಲೆ ಕೂತು, ಕಿಟಕಿಯ ಗಾಳಿ ತೆಗೆದುಕೊಳ್ಳುತ್ತ ಹೋಗುತ್ತಿದ್ದಳು. ಆ ಮನೆಯ ಬಾಗಿಲಲ್ಲಿ, ಯಾರಿಗೆ ಗೊತ್ತು, ಅಲ್ಲಾದರೂ ಬಾಯಿ ಬರುತ್ತಿತ್ತೋ ಏನೋ. ಹೀಗೆ ಯೋಚಿಸುತ್ತ ಅವನು ಸ್ಪ್ಯಾನರು ತೆಗೆದುಕೊಂಡು ಕೆಳಗೆ ಸರಿದ. ಬಿಸಿ ಎಣ್ಣೆ ಕೆನ್ನೆಯ ಮೇಲೆ ತೊಟ್ಟಿಕ್ಕಿತು. ಒರೆಸಿಕೊಳ್ಳಲಿಲ್ಲ. ಕೆಳಗಿನ ಎರಡು ಬೋಲ್ಟನ್ನೂ ಬಿಗಿದ. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಅಂಚನ್ನು ಒರೆಸಿ ಕಾದು ನೋಡಿದ. ಸೋರುವುದು ನಿಂತಿತ್ತು. ಡಿಕ್ಕಿಯಿಂದ ಡಬ್ಬಿ ತಂದು ಮೇಲಿನ ತೂತಿನಿಂದ ಎಣ್ಣೆ ತುಂಬಿಸಿದ. ತುಂಬಿ ತುಳುಕಿದಾಗ ಬಿರಡೆ ಹಾಕಿದ. ಅಲ್ಲಿಯೇ ಹಿಂದಕ್ಕೂ ಮುಂದಕ್ಕೂ ಒಂದು ಸಲ ಓಡಿಸಿದ. ಕೂಗಲಿಲ್ಲ. ಹಲ್ಲುಗಳು ಹೆಚ್ಚು ಸವೆದಿರಲಿಲ್ಲ. ಕಾರು ಈಗ ಯಾವತ್ತಿಗಿಂತ ಚೆನ್ನಾಗಿತ್ತು.

ಬೇಕಾದರೆ ಬಸ್ಸನ್ನು ಬೆನ್ನಟ್ಟಿ ಹಿಡಿಯಬಹುದಿತ್ತು. ಹಿಡಿದು? ಅವಳನ್ನು ಇಳಿಸಿಕೊಂಡು ಇನ್ನೂ ಬೇಗ ಅಲ್ಲಿಗೇ ಮುಟ್ಟಿಸಬೇಕಾಗಿತ್ತು. ಬೇಕಾದರೆ ಒಬ್ಬನೇ ಊರಿಗೆ ಹಿಂತಿರುಗಬಹುದಿತ್ತು. ಎರಡಕ್ಕೂ ಮನಸ್ಸು ಬರದೆ ಹುಣಸೆಮರದ ನೆರಳಲ್ಲಿ ಕೂತ. ಬಿಸಿಲು ನೆತ್ತಿಗೆ ಬಂದು ಆಚೆಗೆ ವಾಲಿತು. ಹಸಿವು ಶುರುವಾಯಿತು. ಇಂಥ ದಿನ ಹಸಿವಾಗುತ್ತದಲ್ಲ ಎಂದು ಹೊಟ್ಟೆಯ ಮೇಲೆ ಸಿಟ್ಟು ಬಂತು. ಮೇಕೆ ಹೊಡೆದುಕೊಂಡು ಬಂದ ಮುದುಕನೊಬ್ಬ ಕಾರನ್ನು ಒಂದು ಸುತ್ತು ಹಾಕಿ ನೋಡಿ, ಕೋಲೂರಿ ನಿಂತ.

"ಕೆಟ್ಟೋಗದಾ ಸ್ವಾಮೇರ?"

"ಇಲ್ಲ. ಸರಿಯಾಗದೆ."

"ಮತ್ಯಾಕ್ರಪ್ಪ ಇಲ್ಲಿ ಕುಂತಿದ್ದೀರಿ?"

ಗಂಗಾಧರಸ್ವಾಮಿ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸತೊಡಗಿದ. ಮುದುಕ ಸ್ವಲ್ಪ ಕಾದು, ಇವನಿಗೆ ಕಿವಿ ಮಂದವೇನೋ ಎಂದುಕೊಂಡವನಂತೆ ತಲೆಯಾಡಿಸಿ, ಮೇಕೆಗಳ ಹಿಂದೆ ಹೋದ.

ಹೊತ್ತು ಇಳಿಯುವ ವೇಳೆಗೆ ಚಾಮರಾಜನಗರದ ಕಡೆಯಿಂದ ಬಂದ ಬಸ್ಸಿನಿಂದ ಶಾಂತಮಲ್ಲಪ್ಪ ಒಬ್ಬನೇ ಇಳಿದ. ಕೈಯಲ್ಲಿ ಒಂದು ಸಣ್ಣ ಬಟ್ಟೆಗಂಟು. ಬಸ್ಸು ಹೋಗುವವರೆಗೂ ನಿಂತಿದ್ದು, ರಸ್ತೆ ದಾಟಿ ಬಂದು ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಮುಚ್ಚಳವನ್ನು ನೋಡಿದ.

"ಸರಿ ಮಾಡ್ದಾ?"

"ಹೂಂ."

"ಏನಾಗಿತ್ತು?"

"ಕೆಳಗಿನ ಎರಡು ಬೋಲ್ಟು ಸಡಿಲ ಇದ್ವು."

ಶಾಂತಮಲ್ಲಪ್ಪ ಏಳಲಿಲ್ಲ. ತಮ್ಮನ ಕಡೆ ನೋಡಲೂ ಇಲ್ಲ. "ಬಸ್ಸಲ್ಲಿ ಯಾರೋ ಎದ್ದು ಸೀಟು ಕೊಟ್ರು ಕಣ್ಲಾ. ಅವಳು ಕೂರ್ಲಿಲ್ಲ. ಚಾಮರಾಜನಗರದ ಗಂಟ ನಿಂತೇ ಇದ್ಲು," ಎಂದ. ಬೆರಳಿನಿಂದ ಮುಚ್ಚಳದ ಅಂಚನ್ನು ಒಂದು ಸುತ್ತು ಸವರಿದ. "ನೀನು ಬಾಯ್ಬುಟ್ಟು ಒಂದ್ ಮಾತು ಬ್ಯಾಡ ಅಂದಿದ್ರೆ..." ಎಂದ. "ನಾನೊಬ್ನೇ ಬೀಗರತ್ರ ಏನಂತ ಯೋಳಾದು? ಮನೇಲಿ ಒಬ್ರೂ ಬ್ಯಾಡ ಅನ್ನಲಿಲ್ಲ."

ಈ ಮಾತು ನಿಜವೋ, ಇಡೀ ದಾರಿ ಒಬ್ಬನೇ ಹೊತ್ತು ತಂದ ಭಾರವನ್ನು ತಮ್ಮನಿಗೂ ಪಾಲು ಹಾಕುತ್ತಿರುವುದೋ ಗಂಗಾಧರಸ್ವಾಮಿಗೆ ತಿಳಿಯಲಿಲ್ಲ. ನಿಜವಾಗಿರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಸುಳ್ಳಾಗಿದ್ದರೆ ಬದುಕಬಹುದು.

"ಅಲ್ಲಿ ಏನಂದ್ರು?"

"ಏನಂತಾರೆ? ಕೈಕಾಲು ತೊಳ್ಕೊಂಡೋಳೇ ಹುಳಕ್ಕೆ ಸೊಪ್ಪು ಹಾಕಕ್ ಓದ್ಲು." ಶಾಂತಮಲ್ಲಪ್ಪ ಎದ್ದು ಬಟ್ಟೆಗಂಟನ್ನು ಚಾಚಿದ. "ತಕೊ. ನಿಂಗೆ ಕೊಟ್ಲು. ಬೆಳಿಗ್ಗೆಯಿಂದ ಗಂಗಣ್ಣ ಏನೂ ಉಂಡಿರಲ್ಲ ಅಂದ್ಲು. ಅವಳ ಅತ್ತೆ ಮುದುಕಿ ಪಡಸಾಲೆಲೇ ಕುಂತಿತ್ತು. ಸೆರಗಿನಡಿ ಮುಚ್ಕಂಡು ತಂದು ಹಿತ್ತಿಲ ಬಾಗ್ಲಲ್ಲಿ ನನ್ ಕೈಗೆ ಇಟ್ಟು, ತಿರುಗಿ ನೋಡ್ದೆ ಓಗ್ಬುಟ್ಲು."

ಗಂಗಾಧರಸ್ವಾಮಿ ಕೈಗೆ ಮಣ್ಣು ಹಾಕಿ ಉಜ್ಜಿಕೊಂಡ. ಗಂಟು ಬಿಚ್ಚಿದ. ಮುತ್ತುಗದ ಎಲೆಯಲ್ಲಿ ಸುತ್ತಿದ ರೊಟ್ಟಿ. ಬಿಡಿಸಿದರೆ ಒಂದೊಂದರ ನಡುವೆಯೂ ಹುಚ್ಚೆಳ್ಳು ಚಟ್ನಿ, ಅದರ ಮೇಲೆ ಹೆಬ್ಬೆರಳಿನಷ್ಟು ದಪ್ಪಗೆ ಮೆತ್ತಿದ ಬೆಣ್ಣೆ. ಆ ಮನೆಯಲ್ಲಿ ಯಾರನ್ನು ಕೇಳಿ ತೆಗೆದಳು ಬೆಣ್ಣೆಯನ್ನು? ಕೇಳಿರಲಾರಳು. ಬೆಣ್ಣೆಯ ಗಡಿಗೆಯ ಮುಚ್ಚಳ ತೆಗೆದಾಗ ಗೊತ್ತಾಗದೆ ಇರುವುದಿಲ್ಲ. ಇಷ್ಟು ಹೊತ್ತಿಗೆ, ದೀಪ ಹಚ್ಚುವ ವೇಳೆಗೆ, ಗೊತ್ತಾಗಿಯೂ ಇರಬಹುದು, ಹುಳದ ಕೋಣೆಗೆ ಬೀಗ ಬಿದ್ದಿರಲೂಬಹುದು. ರೊಟ್ಟಿಯನ್ನು ಕೈಯಲ್ಲಿ ಹಿಡಿದು ಕೂತ. ತಿನ್ನದೆ ಉಳಿಸಿದರೆ ಅದನ್ನು ಯಾರಿಗೆ ವಾಪಸು ಕೊಡುವುದು?

"ಉಣ್ಣು," ಎಂದ ಅಣ್ಣ.

ಮುರಿದು ಬಾಯಿಗಿಟ್ಟ. ಗಂಧಕದ ಎಣ್ಣೆಯ ವಾಸನೆಯ ಜೊತೆಗೆ ಬೆಣ್ಣೆ ನಾಲಗೆಯ ಮೇಲೆ ಕರಗಿತು. ರುಚಿಯಾಗಿತ್ತು. ಮೊದಲ ತುತ್ತಿಗೆ ಕಣ್ಣು ತುಂಬಿತು, ಎರಡನೆಯದಕ್ಕೆ ಹಸಿವು ಕೆರಳಿತು, ಆಮೇಲೆ ಅವನು ನಿಲ್ಲಿಸಲಿಲ್ಲ. ಕೊನೆಯ ರೊಟ್ಟಿಯನ್ನು ಎರಡು ಮಾಡಿ ಅಣ್ಣನಿಗೆ ಚಾಚಿದ. ಶಾಂತಮಲ್ಲಪ್ಪ ಬೇಡ ಅನ್ನುವಂತೆ ಕೈ ಎತ್ತಿದವನು, ಎತ್ತಿದ ಕೈಯನ್ನೇ ಮುಂದೆ ಮಾಡಿ ತೆಗೆದುಕೊಂಡ. ಇಬ್ಬರೂ ಕಾರಿಗೆ ಒರಗಿ ನಿಂತು, ಒಬ್ಬರ ಮುಖ ಒಬ್ಬರು ನೋಡದೆ, ಬೆರಳಿಗೆ ಹತ್ತಿದ ಬೆಣ್ಣೆಯನ್ನೂ ನೆಕ್ಕಿ ಮುಗಿಸಿದರು.